ಜಗಲಿ ಸಂತೆಯಾದಾಗ

ಹೊಸ ವಸ್ತುವೊಂದು ಮನೆಗೆ ಬಂದಾಗ ಅದರ ಸುತ್ತ ಸಂಭ್ರಮ ಏಳುವುದೂ ಕೆಲವು ವರ್ಷಗಳಲ್ಲಿ ಆ ಸಂಭ್ರಮ ಇಳಿಯುವುದೂ ಲೋಕರೂಢಿ. ರೇಡಿಯೋ ಬಂದಾಗ ಹೀಗಾಯಿತು; ದೂರದರ್ಶನ ಬಂದಾಗಲೂ ಹೀಗಾಯಿತು. ಈಗ ಸಾಮಾಜಿಕ ಜಾಲತಾಣಗಳ ಸರದಿ ಬಂದಂತಿದೆ. “ಮೊದಲು ದಿನಕ್ಕೆರಡು ಸಲ ಏನಾದರೂ ಬರೆಯುತ್ತಿದ್ದೆ, ಈಗ ಸುಮ್ಮನೆ ನೋಡಿ ಮುಚ್ಚಿಡುತ್ತೇನೆ” ಎನ್ನುವ ಮಾತು ಯುವಜನರಿಂದಲೂ ನಡುವಯಸ್ಸಿನವರಿಂದಲೂ ಕೇಳಿಬರುತ್ತಿದೆ.

ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ರೇಡಿಯೋ ನಮಗೆ ಸುದ್ದಿಯನ್ನೂ ಸಂಗೀತವನ್ನೂ ಕೊಡುತ್ತೇನೆಂದಿತು, ಕೊಟ್ಟಿತು. ಜಾಲತಾಣಗಳು ಕೊಡುತ್ತೇವೆಂದದ್ದು ಸ್ನೇಹವನ್ನು, ಸಮುದಾಯವನ್ನು. ಆದುದರಿಂದ ಇಲ್ಲಿ ಉತ್ಸಾಹ ಇಳಿದಾಗ ಮೂಲೆ ಸೇರುವುದು ಒಂದು ಯಂತ್ರ ಮಾತ್ರವಲ್ಲ. ಅದರೊಂದಿಗೆ ಕೆಲವು ಸಂಬಂಧಗಳೂ ಮೂಲೆ ಸೇರುತ್ತವೆ. ಈ ಇಳಿತವನ್ನು ಕಂಡು ಹಿಗ್ಗುವ ಹಿರಿಯರಿದ್ದಾರೆ, ಮರುಗುವ ಕಿರಿಯರಿದ್ದಾರೆ. ಹಿಗ್ಗುವುದಕ್ಕೂ ಮರುಗುವುದಕ್ಕೂ ಮೊದಲು ಆರಿದ್ದು ಏನು, ಏಕೆ ಆರಿತು ಎಂದು ವಿವೇಚಿಸುವುದು ಒಳಿತು. ಅದಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ದಕ್ಷಿಣ ಬೆಂಗಳೂರಿನ ಬಡಾವಣೆಗಳೇ ನಮಗೆ ಸಾಕಷ್ಟನ್ನು ಕಲಿಸಬಲ್ಲವು.

ಗೆಳೆಯರ ಜಗಲಿ

2004ರ ಜನವರಿಯಲ್ಲಿ ಗೂಗಲ್ ಸಂಸ್ಥೆ ಆರ್ಕುಟ್ ಎಂಬ ತಾಣವನ್ನು ಆರಂಭಿಸಿತು. ಅದನ್ನು ರೂಪಿಸಿದ ತಂತ್ರಜ್ಞ ಆರ್ಕುಟ್ ಬುಯುಕೊಕ್ಟೆನ್ ಅವರ ಹೆಸರೇ ಅದಕ್ಕೆ ಬಂದಿತು. ಜಗತ್ತಿನಲ್ಲಿ ಅದನ್ನು ಅತಿ ಹೆಚ್ಚು ಅಪ್ಪಿಕೊಂಡವರು ಬ್ರೆಜಿಲ್ ದೇಶದವರು ಮತ್ತು ಭಾರತೀಯರು.

ಅಂದಿನ ಬಿ.ಟಿ.ಎಂ. ಬಡಾವಣೆಯನ್ನು ನೆನೆದುಕೊಳ್ಳಿ. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲ ಅಕ್ಷರಗಳಿಂದ ಹೆಸರು ಪಡೆದ ಈ ಬಡಾವಣೆಗೆ ಕಂಪ್ಯೂಟರ್ ಕಂಪನಿಗಳ ಕೆಲಸ ಅರಸಿ ಬಂದ ಯುವಜನರ ಹಿಂಡೇ ಸೇರಿತ್ತು. ಪಿ.ಜಿ. ಎಂದು ಕರೆಯುವ ವಸತಿಗೃಹದ ಕೋಣೆಯೊಂದರಲ್ಲಿ ಮೂವರ ಮಂಚ, ಗೋಡೆಗೆ ಒಂದು ಮೊಳೆ, ಊರಿನಿಂದ ತಂದ ಉಪ್ಪಿನಕಾಯಿ. ನೆರೆಯವರ ಭಾಷೆ ತಿಳಿಯದು, ಮೇಲಧಿಕಾರಿಯ ಇಂಗ್ಲಿಷು ನಾಲಿಗೆಗೆ ಒಗ್ಗದು. ಅಂಥವರು ಸಂಜೆ ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ತೆತ್ತು ಕುಳಿತಾಗ ಕಾಲೇಜಿನ ಗೆಳೆಯನ ‘ಸ್ಕ್ರಾಪ್’ ಅಲ್ಲಿ ಕಾದಿರುತ್ತಿತ್ತು. ತಮ್ಮ ಊರಿನ ಹೆಸರಿನ ಸಮುದಾಯ, ತಮ್ಮ ಶಾಲೆಯ ಹೆಸರಿನ ಸಮುದಾಯ ಅಲ್ಲಿರುತ್ತಿತ್ತು. ಗೆಳೆಯನೊಬ್ಬನ ಗುಣವನ್ನು ಇನ್ನೊಬ್ಬ ಗೆಳೆಯ ನಾಲ್ಕು ಸಾಲುಗಳಲ್ಲಿ ಬರೆದು ಕೊಡುವ ಪದ್ಧತಿಯೂ ಅಲ್ಲಿತ್ತು. ತನ್ನ ಪುಟಕ್ಕೆ ಯಾರು ಬಂದು ಹೋದರೆಂದು ಕೂಡ ಸದಸ್ಯನಿಗೆ ಕಾಣುತ್ತಿತ್ತು.

ಹಳ್ಳಿಯ ಮನೆಯ ಜಗಲಿಯ ಗುಣವೂ ಇದೇ ಅಲ್ಲವೇ? ದಾರಿಹೋಕ ಕುಳಿತು ಎರಡು ಮಾತನಾಡುತ್ತಾನೆ. ಬಂದವರಾರು ಎಂಬುದು ಮನೆಯವರಿಗೆ ಗೊತ್ತಿರುತ್ತದೆ. ಬರಬೇಕಾಗಿದ್ದವರು ಬಾರದಿದ್ದರೆ ಅದೂ ಗೊತ್ತಾಗುತ್ತದೆ. ಆರ್ಕುಟ್‌ನಲ್ಲಿ ಹುಡುಗಾಟವಿತ್ತು, ಸುಳ್ಳು ಹೆಸರುಗಳಿದ್ದವು, ಕಾಲಹರಣವಿತ್ತು. ಇವೆಲ್ಲ ನಿಜ. ಆದರೂ ಊರು ಬಿಟ್ಟು ಬಂದ ಒಂಟಿ ಜೀವಗಳಿಗೆ ಅದು ಜಗಲಿಯಾಗಿತ್ತು ಎಂಬುದನ್ನು ನಾವು ಒಪ್ಪಲೇಬೇಕು. ಇದನ್ನು ಒಪ್ಪದ ವಿಮರ್ಶೆ ನ್ಯಾಯವಾದ ವಿಮರ್ಶೆಯಲ್ಲ.

2010ರಲ್ಲಿ ಭಾರತದಲ್ಲಿಯೂ ಫೇಸ್‌ಬುಕ್ ಆರ್ಕುಟ್ಟನ್ನು ಹಿಂದೆ ಹಾಕಿತು. 2014ರ ಸೆಪ್ಟೆಂಬರ್ 30ರಂದು ಗೂಗಲ್ ಆರ್ಕುಟ್ಟನ್ನು ಮುಚ್ಚಿತು. ತನ್ನ ಇತರ ತಾಣಗಳು ಹೆಚ್ಚು ಬೆಳೆದಿವೆ ಎಂಬುದು ಅದು ಕೊಟ್ಟ ಕಾರಣ. ಹಾಗೆ ಹೆಸರಿಸಿದವುಗಳಲ್ಲಿ ಒಂದಾದ ಗೂಗಲ್ ಪ್ಲಸ್ ಕೂಡ 2019ರ ಏಪ್ರಿಲ್‌ನಲ್ಲಿ ಸಾರ್ವಜನಿಕರ ಪಾಲಿಗೆ ಮುಚ್ಚಿಹೋಯಿತು. ಒಡೆಯನಿಗೆ ಬೇಡವಾದ ದಿನ ಜಗಲಿಯನ್ನು ಕೆಡವಲಾಗುತ್ತದೆ. ಅಲ್ಲಿ ಕುಳಿತವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಇದು ಮೊದಲ ಪಾಠ.

ಸಂತೆಯ ಗದ್ದಲ

ಮುಚ್ಚದೆ ಉಳಿದ ತಾಣಗಳ ಕಥೆ ಬೇರೆ. ಅಲ್ಲಿ ಜಗಲಿ ಮೆಲ್ಲಮೆಲ್ಲನೆ ಸಂತೆಯಾಯಿತು. 2006ರಲ್ಲಿ ಫೇಸ್‌ಬುಕ್ ಎಲ್ಲರ ಸುದ್ದಿಯನ್ನೂ ಒಂದೇ ಪ್ರವಾಹವಾಗಿ ಹರಿಯಬಿಟ್ಟಿತು. ಗೆಳೆಯನ ಮನೆಯ ಬಾಗಿಲಿಗೆ ಹೋಗಿ ಮಾತನಾಡಿಸುವ ಅಗತ್ಯ ಅಲ್ಲಿಗೆ ಮುಗಿಯಿತು. 2009ರಲ್ಲಿ ‘ಲೈಕ್’ ಗುಂಡಿ ಬಂದಿತು. ನಾಲ್ಕು ಸಾಲಿನ ಉತ್ತರ ಒಂದು ಬೆರಳಿನ ಒತ್ತಾಯಿತು. 2020ರ ಜೂನ್ ಕೊನೆಯಲ್ಲಿ ಭಾರತ ಸರ್ಕಾರ ಟಿಕ್‌ಟಾಕ್ ತಂತ್ರಾಂಶವನ್ನು ನಿಷೇಧಿಸಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ‘ರೀಲ್ಸ್’ ಎಂಬ ಕಿರುಚಿತ್ರಗಳನ್ನು ಇಲ್ಲಿ ಹರಿಯಬಿಟ್ಟಿತು. ಅಂದಿನಿಂದ ನಮ್ಮ ಕಣ್ಣ ಮುಂದೆ ಹಾಯುವ ಮುಖಗಳಲ್ಲಿ ಹೆಚ್ಚಿನವು ನಾವು ಎಂದೂ ಭೇಟಿಯಾಗದವರ ಮುಖಗಳು.

ಇದು ಕೇವಲ ಹಿರಿಯರ ಗೊಣಗಾಟವಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮೆಟಾ ಸಂಸ್ಥೆಯ ವಿರುದ್ಧ ಏಕಸ್ವಾಮ್ಯದ ಮೊಕದ್ದಮೆಯನ್ನು ಹೂಡಿತ್ತು. 2025ರ ನವೆಂಬರ್‌ನಲ್ಲಿ ಅದರ ತೀರ್ಪು ಮೆಟಾ ಪರವಾಗಿ ಬಂದಿತು. ಆ ತೀರ್ಪಿನಲ್ಲಿ ದಾಖಲಾದ ಎರಡು ಅಂಕಿಗಳು ಎಚ್ಚರದಿಂದ ಓದತಕ್ಕವು. ಅಮೆರಿಕದ ಜನರು ಫೇಸ್‌ಬುಕ್‌ನಲ್ಲಿ ಕಳೆಯುವ ಕಾಲದಲ್ಲಿ ಶೇಕಡ 17ರಷ್ಟನ್ನು ಮಾತ್ರ ತಮ್ಮ ಸ್ನೇಹಿತರು ಹಾಕಿದ್ದನ್ನು ನೋಡುವುದಕ್ಕೆ ಬಳಸುತ್ತಾರೆ. ಇನ್‌ಸ್ಟಾಗ್ರಾಂನಲ್ಲಿ ಅದು ಶೇಕಡ 7 ಮಾತ್ರ. ಈ ಅಂಕಿಗಳು ಮೆಟಾ ಸಂಸ್ಥೆಗೆ ಕಳಂಕವಾಗಲಿಲ್ಲ, ರಕ್ಷಣೆಯಾದವು: ತಾನೀಗ ಸ್ನೇಹಿತರ ತಾಣಕ್ಕಿಂತ ಹೆಚ್ಚಾಗಿ ದೃಶ್ಯಗಳ ತಾಣ ಎಂಬುದೇ ಅದರ ವಾದವಾಗಿತ್ತು.

ನಮ್ಮ ಮೆಟ್ರೋ ರೈಲಿನ ಹಸಿರು ಮಾರ್ಗದಲ್ಲಿ ಜಯಪ್ರಕಾಶ ನಗರದಿಂದ ಬನಶಂಕರಿ, ಜಯನಗರಗಳನ್ನು ಹಾದು ಹೋಗುವವರನ್ನು ನೋಡಿದರೆ ಇದರ ಅರ್ಥ ಆಗುತ್ತದೆ. ಎಲ್ಲರ ಕೈಯಲ್ಲೂ ಫೋನು ಇದೆ, ಬಳಕೆ ಇಳಿದಿಲ್ಲ. ಆದರೆ ಹೆಬ್ಬೆರಳು ಬರೆಯುತ್ತಿಲ್ಲ, ಜಾರಿಸುತ್ತಿದೆ. ಜನರು ಜಾಲತಾಣವನ್ನು ಬಿಟ್ಟುಹೋಗಲಿಲ್ಲ. ಅಲ್ಲಿಯೇ ಕುಳಿತು ಮೌನವಾದರು. ಸಂತೆಯ ಗದ್ದಲದಲ್ಲಿ ಮಗಳ ಮೊದಲ ಹೆಜ್ಜೆಯ ಸಂತೋಷವನ್ನೋ ತಂದೆಯ ಕಾಯಿಲೆಯ ಆತಂಕವನ್ನೋ ಯಾರು ತಾನೇ ಹೇಳಿಕೊಳ್ಳುತ್ತಾರೆ? ಉತ್ಸಾಹ ಇಳಿದದ್ದು ಜನರಿಗೆ ಜನ ಬೇಡವಾದುದರಿಂದಲ್ಲ, ಆ ಸ್ಥಳದಲ್ಲಿ ಜನ ಸಿಗದಂತಾದುದರಿಂದ.

ಇದಕ್ಕೆ ಮನುಷ್ಯನ ಸ್ವಭಾವದ ಮಿತಿಯೂ ಸೇರಿಕೊಂಡಿತು. ಒಬ್ಬ ವ್ಯಕ್ತಿ ನಿಜವಾಗಿ ಕಾಪಾಡಿಕೊಳ್ಳಬಲ್ಲ ಸಂಬಂಧಗಳು ಸುಮಾರು 150 ಎಂದು ಬ್ರಿಟನ್ನಿನ ವಿದ್ವಾಂಸ ರಾಬಿನ್ ಡನ್‌ಬಾರ್ 1990ರ ದಶಕದಲ್ಲಿ ಪ್ರತಿಪಾದಿಸಿದರು. ಆರ್ಕುಟ್ 1,000 ಗೆಳೆಯರಿಗೆ ಅವಕಾಶ ಕೊಟ್ಟಿತು, ಫೇಸ್‌ಬುಕ್ 5,000 ಗೆಳೆಯರಿಗೆ. ಡನ್‌ಬಾರ್‌ರ ಸಂಖ್ಯೆಯನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ 5,000 ಜನರ ಸುಖದುಃಖವನ್ನು ವಿಚಾರಿಸಬಲ್ಲ ಹೃದಯ ಯಾರಿಗೂ ಇಲ್ಲವೆಂಬುದಕ್ಕೆ ವಿದ್ವಾಂಸರ ಸಾಕ್ಷ್ಯ ಬೇಕಾಗಿಲ್ಲ.

ನಮ್ಮ ನುಡಿಯ ಹಳದಿ ಹಕ್ಕಿ

ವಿದೇಶಿ ಕಂಪನಿಗಳ ಕಥೆ ಹೀಗಾಯಿತು, ನಮ್ಮವರೇ ನಮ್ಮ ನುಡಿಯಲ್ಲಿ ಕಟ್ಟಿದ್ದರೆ ಬೇರೆ ಆಗುತ್ತಿತ್ತೇ? ಈ ಪ್ರಶ್ನೆಗೂ ಬೆಂಗಳೂರಿನಲ್ಲಿಯೇ ಉತ್ತರವಿದೆ. 2020ರಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ಅವರು ಇದೇ ನಗರದಿಂದ ‘ಕೂ’ ಎಂಬ ತಾಣವನ್ನು ಆರಂಭಿಸಿದರು. ಹಳದಿ ಹಕ್ಕಿ ಅದರ ಲಾಂಛನ. ಭಾರತದ ಭಾಷೆಗಳಲ್ಲಿ ಬರೆಯುವವರಿಗೆಂದೇ ಮಾಡಿದ ಈ ತಾಣ ಮೊದಲು ತೆರೆದುಕೊಂಡದ್ದು ಕನ್ನಡದಲ್ಲಿ. ಇಂಗ್ಲಿಷ್ ಬಾರದೆಂಬ ಸಂಕೋಚದಿಂದ ಸುಮ್ಮನಿದ್ದವರಿಗೆ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಒತ್ತಿ ಬೇಸತ್ತವರಿಗೆ ಅದು ಗೌರವದ ಸ್ಥಾನವನ್ನು ಕೊಟ್ಟಿತು. ಇದು ಸಣ್ಣ ಸಾಧನೆಯಲ್ಲ. ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನವೂ ಬಂದಿತು.

2021ರ ಫೆಬ್ರುವರಿಯಲ್ಲಿ ರೈತರ ಚಳವಳಿಗೆ ಸಂಬಂಧಿಸಿದ ಕೆಲವು ಖಾತೆಗಳ ವಿಷಯದಲ್ಲಿ ಸರ್ಕಾರಕ್ಕೂ ಟ್ವಿಟರ್ ಸಂಸ್ಥೆಗೂ ವಿವಾದ ಎದ್ದಿತು. ಆಗ ಮಂತ್ರಿಗಳು, ಇಲಾಖೆಗಳು ‘ಕೂ’ ಕಡೆಗೆ ಬಂದವು. ಅವರ ಹಿಂದೆ ಜನಸಾಗರ ಬಂದಿತು. ಉಚ್ಛ್ರಾಯದ ದಿನಗಳಲ್ಲಿ ದಿನಕ್ಕೆ ಸುಮಾರು 21 ಲಕ್ಷ, ತಿಂಗಳಿಗೆ ಸುಮಾರು ಒಂದು ಕೋಟಿ ಜನರು ಬರುತ್ತಿದ್ದರು, 9,000ಕ್ಕೂ ಹೆಚ್ಚು ಗಣ್ಯರಿದ್ದರು ಎಂದು ಸಂಸ್ಥಾಪಕರೇ ಹೇಳಿದ್ದಾರೆ. ಆದರೆ 2024ರ ಜುಲೈ 3ರಂದು ಅವರೇ ಅದರ ಮುಕ್ತಾಯವನ್ನೂ ಘೋಷಿಸಬೇಕಾಯಿತು. ದೊಡ್ಡ ಸಂಸ್ಥೆಗಳೊಡನೆ, ಮಾಧ್ಯಮಗಳೊಡನೆ ನಡೆಸಿದ ಮಾತುಕತೆ ಫಲಿಸಲಿಲ್ಲ, ತಂತ್ರಜ್ಞಾನದ ವೆಚ್ಚ ಭರಿಸಲಾಗಲಿಲ್ಲ ಎಂದು ಅವರು ಕಾರಣ ಕೊಟ್ಟರು. ಜನರು ತಾವೇ ಬರೆದು ಹಾಕುವ ಮಾತಿನ ಜವಾಬ್ದಾರಿಯನ್ನು ಹೊರಲು ಆ ಸಂಸ್ಥೆಗಳಲ್ಲಿ ಹೆಚ್ಚಿನವು ಸಿದ್ಧವಿರಲಿಲ್ಲ ಎಂಬುದೂ ಅವರ ವಿವರಣೆಯಲ್ಲಿತ್ತು. ಜನಸಾಮಾನ್ಯರ ಮಾತಿಗೆಂದು ಕಟ್ಟಿದ ಮನೆಗೆ ಜನಸಾಮಾನ್ಯರ ಮಾತೇ ಭಾರವಾಯಿತು!

ಸಂಸ್ಥಾಪಕರ ಶ್ರಮವನ್ನು ಹಗುರವಾಗಿ ಕಾಣಬಾರದು. ಸೋತವರನ್ನು ನೋಡಿ ನಗುವುದು ಸಜ್ಜನರ ಲಕ್ಷಣವಲ್ಲ. ಆದರೂ ಎರಡು ದೋಷಗಳನ್ನು ಹೇಳಬೇಕಾಗಿದೆ. ಮೊದಲನೆಯದು, ಅಲ್ಲಿನ ಉತ್ಸಾಹದ ದೊಡ್ಡ ಪಾಲು ಇನ್ನೊಂದು ಕಡೆಯ ಜಗಳದಿಂದ ಸಾಲ ತಂದದ್ದಾಗಿತ್ತು. ಜಗಳ ತಣ್ಣಗಾದಾಗ ಆ ಬಿಸಿಯೂ ತಣ್ಣಗಾಯಿತು. ಎರಡನೆಯದು, ಗಣ್ಯರನ್ನು ಕೇಳಲು ಬಂದವರು ಕೇಳುಗರಾಗಿಯೇ ಉಳಿದರು. ಪಕ್ಕದಲ್ಲಿ ಕುಳಿತವರ ಪರಿಚಯ ಮಾಡಿಕೊಳ್ಳಲಿಲ್ಲ. ಸಭಾಂಗಣದಲ್ಲಿ ಭಾಷಣ ಮುಗಿದೊಡನೆ ಕುರ್ಚಿಗಳು ಖಾಲಿಯಾಗುವಂತೆ ತಾಣವೂ ಖಾಲಿಯಾಯಿತು. ಒಂದೇ ಭಾಷೆಯನ್ನಾಡುವವರು ಒಂದೆಡೆ ಸೇರಿದ ಮಾತ್ರಕ್ಕೆ ಸಮುದಾಯವಾಗುವುದಿಲ್ಲ. ಭಾಷೆ ಬಾಗಿಲನ್ನು ತೆರೆಯುತ್ತದೆ. ಒಳಗೆ ಬಂದವರನ್ನು ವಿಚಾರಿಸಿಕೊಳ್ಳುವವರು ಮನುಷ್ಯರೇ ಆಗಬೇಕು.

ಉಳಿದವು ಏಕೆ ಉಳಿದವು?

ಆರ್ಕುಟ್ ಹುಟ್ಟಿದ 2004ರಲ್ಲಿಯೇ, ಅಕ್ಟೋಬರ್ ತಿಂಗಳಲ್ಲಿ, ಜೆ.ಪಿ. ನಗರದ ಎರಡನೆಯ ಹಂತದಲ್ಲಿ ರಂಗಶಂಕರ ತೆರೆಯಿತು. ಅಗಲಿದ ನಟ ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಮತ್ತು ಸಂಕೇತ್ ಟ್ರಸ್ಟಿನವರು ಕಟ್ಟಿಸಿದ ರಂಗಮಂದಿರವಿದು. ಸೋಮವಾರದ ಹೊರತು ದಿನಕ್ಕೊಂದು ನಾಟಕ ಎಂಬ ಸಂಕಲ್ಪದಿಂದ ಅದು ನಡೆದು ಬಂದಿದೆ. ಕೋವಿಡ್ ಕಾಲದಲ್ಲಿ ಬಾಗಿಲು ಮುಚ್ಚಿ ಮತ್ತೆ ತೆರೆಯಿತು. ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ನಾಟಕ ಆರಂಭವಾದ ಮೇಲೆ ಬಂದವರಿಗೆ ಪ್ರವೇಶವಿಲ್ಲ. ಎಷ್ಟು ದೊಡ್ಡವರಾದರೂ ಸರಿ. ಮೇಲ್ನೋಟಕ್ಕೆ ಇದು ನಿಷ್ಠುರ. ಆದರೆ ಈ ನಿಷ್ಠುರತೆಯ ಹಿಂದೆ ಒಂದು ಗೌರವವಿದೆ. ನಟನು ಬಂದಿದ್ದಾನೆ, ನೀನೂ ಸಮಯಕ್ಕೆ ಬಾ. ಅವನು ಮಾತನಾಡುವಾಗ ನೀನು ಕೇಳು. ಜಾಲತಾಣಗಳು ಯಾವಾಗ ಬೇಕಾದರೂ ಬನ್ನಿ, ಯಾವಾಗ ಬೇಕಾದರೂ ಹೋಗಿ ಎಂದವು. ಕೇಳುವುದು ಸುಲಭವಾದಷ್ಟೂ ಉಳಿಸಿಕೊಳ್ಳುವುದು ಕಠಿಣವಾಯಿತು.

ಬನಶಂಕರಿ ಎರಡನೆಯ ಹಂತದ ಸುಚಿತ್ರಾ ಇನ್ನೊಂದು ನಿದರ್ಶನ. ಒಳ್ಳೆಯ ಚಲನಚಿತ್ರಗಳನ್ನು ಒಟ್ಟಾಗಿ ಕುಳಿತು ನೋಡಿ ಚರ್ಚಿಸಬೇಕೆಂಬ ಆಸೆಯಿಂದ 1971ರಲ್ಲಿ ಹುಟ್ಟಿದ ಫಿಲ್ಮ್ ಸೊಸೈಟಿ ಅದು. ಮನೆಮನೆಗೆ ದೂರದರ್ಶನ, ವಿಡಿಯೋಗಳು ಬಂದಮೇಲೆ ದೇಶದ ಇಂಥ ಸಂಘಗಳ ಉತ್ಸಾಹ ಬಹುಮಟ್ಟಿಗೆ ಕುಂದಿತು. ಆದರೂ ಸುಚಿತ್ರಾ ಉಳಿಯಿತು. ಅದಕ್ಕೆ ಸ್ವಂತದ ಸೂರಿತ್ತು, ಉತ್ಸಾಹವಿಲ್ಲದ ದಿನಗಳಲ್ಲಿಯೂ ಬೀಗ ತೆಗೆಯುವ ಜನರಿದ್ದರು.

ಜಾಲದಲ್ಲಿಯೂ ಇಂಥದು ಸಾಧ್ಯವಿಲ್ಲವೆಂದೇನೂ ಅಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇಂದಿಗೂ ಇದೆ. ಅಲ್ಲಿ ಜಾಹೀರಾತಿಲ್ಲ, ಬರೆದವರಿಗೆ ಸಂಬಳವಿಲ್ಲ. ಬರೆದದ್ದನ್ನು ಯಾರು ಬೇಕಾದರೂ ನಕಲು ಮಾಡಿ ಉಳಿಸಿಕೊಳ್ಳಬಹುದು. ಆದ್ದರಿಂದ ಜಾಲ ಕೆಟ್ಟದ್ದು, ಕಟ್ಟಡ ಒಳ್ಳೆಯದು ಎಂಬುದು ನಮ್ಮ ತೀರ್ಮಾನವಾಗಬಾರದು. ತನ್ನವರೇ ಕಾಯುವ ಸ್ಥಳ ಉತ್ಸಾಹ ಇಳಿದ ಮೇಲೂ ಉಳಿಯುತ್ತದೆ. ಉತ್ಸಾಹದಿಂದ ಲಾಭ ಪಡೆಯಲೆಂದೇ ಕಟ್ಟಿದ ಸ್ಥಳ ಉತ್ಸಾಹದೊಂದಿಗೇ ಹೋಗುತ್ತದೆ.

ಟೀಕಾಕಾರರಿಗೂ ಒಂದು ಮಾತು

ಜಾಲತಾಣಗಳ ಇಳಿತವನ್ನು ಕಂಡು “ನಾವು ಆಗಲೇ ಹೇಳಿರಲಿಲ್ಲವೇ” ಎನ್ನುವವರು ಸ್ವಲ್ಪ ತಾಳಬೇಕು. ಬಿ.ಟಿ.ಎಂ. ಬಡಾವಣೆಯಲ್ಲಿ ನಿಮ್ಹಾನ್ಸ್ ಸಂಸ್ಥೆಯ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ಮೊಬೈಲು, ಅಂತರ್ಜಾಲಗಳ ಬಳಕೆ ಕೈಮೀರಿದವರಿಗಾಗಿ 2014ರಲ್ಲಿ ನಿಮ್ಹಾನ್ಸ್ ತೆರೆದ ‘ಷಟ್’ ಚಿಕಿತ್ಸಾಲಯ ಅಲ್ಲಿ ಸೇವೆ ಸಲ್ಲಿಸಿದೆ. ಆ ಹೆಸರು ಕಿವಿಗೆ ‘ಮುಚ್ಚು’ ಎಂದು ಕೇಳಿಸುತ್ತದೆ. ಆದರೆ ಅದರ ವಿಸ್ತಾರ ರೂಪದ ಅರ್ಥ ‘ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಸೇವೆ’. ಮುಚ್ಚು ಎಂದು ಗದರಿಸುವುದು ಸುಲಭ. ಆರೋಗ್ಯಕರ ಬಳಕೆಯನ್ನು ಜೊತೆಗಿದ್ದು ಕಲಿಸುವುದು ಕಷ್ಟ. ತಂದೆತಾಯಿಗಳಲ್ಲಿ ಅನೇಕರು ಹೆಸರಿನ ಧ್ವನಿಯಲ್ಲೇ ನಿಂತುಬಿಡುತ್ತಾರೆ.

ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ ಅವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ ಎರಡು ಸಲಹಾಪತ್ರಗಳನ್ನು ಹೊರಡಿಸಿದರು. ಒಂದು ಒಂಟಿತನವನ್ನು ಕುರಿತದ್ದು, ಇನ್ನೊಂದು ಜಾಲತಾಣ ಮತ್ತು ಮಕ್ಕಳ ಮನಸ್ಸನ್ನು ಕುರಿತದ್ದು. ಒಂದೇ ತಿಂಗಳಲ್ಲಿ ಬಂದ ಇವೆರಡನ್ನು ಜೊತೆಗಿಟ್ಟು ಓದಬೇಕು. ಆಸ್ಟ್ರೇಲಿಯಾ ದೇಶವು 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಪ್ರಮುಖ ಜಾಲತಾಣಗಳ ಖಾತೆಯನ್ನು ನಿರ್ಬಂಧಿಸಿದೆ. ಕಾನೂನು ಫೋನನ್ನು ಕೈಯಿಂದ ತೆಗೆಯಬಲ್ಲದು. ಆ ಖಾಲಿ ಕೈಯನ್ನು ಹಿಡಿಯುವವರಾರು ಎಂಬ ಪ್ರಶ್ನೆ ಮನೆಯವರಿಗೇ ಉಳಿಯುತ್ತದೆ.

ದೊಡ್ಡ ತಾಣಗಳಲ್ಲಿ ಮೌನವಾದವರು ವಾಟ್ಸ್ಆಪ್‌ನ ಸಣ್ಣ ಗುಂಪುಗಳಿಗೆ ಸರಿದಿದ್ದಾರೆ, ಅದು ಒಳ್ಳೆಯ ಬೆಳವಣಿಗೆ ಎಂದು ಕೆಲವರು ಹೇಳುತ್ತಾರೆ. ಪರಿಚಿತರ ಗುಂಪು ಎಂದಮಾತ್ರಕ್ಕೆ ಅದು ಪವಿತ್ರವಾಗುವುದಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರ ತಂಡವೊಂದು ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅವರು ಮಕ್ಕಳ ಕಳ್ಳರೆಂಬ ಸುಳ್ಳು ವಾಟ್ಸ್ಆಪ್‌ನಲ್ಲಿ ಅವರಿಗಿಂತ ಮುಂದೆ ಓಡಿತು. ಮುಂದಿನ ಹಳ್ಳಿಯ ಬಳಿ ಜನರ ಗುಂಪು ಹೈದರಾಬಾದಿನ ಯುವ ತಂತ್ರಜ್ಞನೊಬ್ಬನನ್ನು ಹೊಡೆದು ಕೊಂದಿತು. ಆ ಸುಳ್ಳನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಅನೇಕರು ತಮ್ಮವರನ್ನು ಎಚ್ಚರಿಸುತ್ತಿದ್ದೇವೆಂದೇ ಭಾವಿಸಿದ್ದಿರಬೇಕು. ಅದೇ ತಿಂಗಳು ವಾಟ್ಸ್ಆಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸುವ ಮಿತಿಯನ್ನು ಹೇರತೊಡಗಿತು. ಯಂತ್ರಕ್ಕೆ ಮಿತಿ ಬಂದಿತು. ನಾಲಿಗೆಗೆ, ಬೆರಳಿಗೆ ಮಿತಿಯನ್ನು ನಾವೇ ತರಬೇಕು.

ಬಾರದವರನ್ನು ಕೇಳುವವರಾರು?

2019ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ದಿವಂಗತ ಪೋಪ್ ಫ್ರಾನ್ಸಿಸ್‌ರವರು ಜಾಲತಾಣದ ಸಮುದಾಯದಿಂದ ಮಾನವ ಸಮುದಾಯದೆಡೆಗೆ ಸಾಗುವುದನ್ನೇ ವಿಷಯವಾಗಿ ಆರಿಸಿಕೊಂಡಿದ್ದರು. ನಾವು ಒಬ್ಬರಿಗೊಬ್ಬರು ಅಂಗಾಂಗಗಳು ಎಂಬ ಸಂತ ಪೌಲನ ಭಾವನೆಯನ್ನು ಅವರು ಅದಕ್ಕೆ ಆಧಾರವಾಗಿ ತೆಗೆದುಕೊಂಡರು. ಅಂಗ ಎಂಬ ಮಾತಿನಲ್ಲಿಯೇ ಒಂದು ಒರೆಗಲ್ಲು ಅಡಗಿದೆ. ಕಾಲಿಗೆ ಮುಳ್ಳು ಚುಚ್ಚಿದರೆ ಕೈಗೆ ಯಾರೂ ಸೂಚನೆ ಕಳುಹಿಸಬೇಕಾಗಿಲ್ಲ.

ಯಾವುದೇ ಸಮುದಾಯವನ್ನು ಅಳೆಯಲು ಈ ಒರೆಗಲ್ಲೇ ಸಾಕು. ಅಲ್ಲಿ ಎಷ್ಟು ಮಂದಿ ಇದ್ದಾರೆಂದು ಕೇಳಬೇಡಿ. ಒಬ್ಬರು ಒಂದು ವಾರ ಕಾಣಿಸದಿದ್ದರೆ ಯಾರಿಗಾದರೂ ತಿಳಿಯುತ್ತದೆಯೇ ಎಂದು ಕೇಳಿ. ಈ ಪ್ರಶ್ನೆ ಜಾಲತಾಣಗಳಿಗೆ ಮಾತ್ರವಲ್ಲ, ನಮ್ಮ ಧರ್ಮಕೇಂದ್ರಗಳಿಗೂ ಸಲ್ಲುತ್ತದೆ. ಧರ್ಮಕೇಂದ್ರದ ವಾಟ್ಸ್ಆಪ್ ಗುಂಪಿನಲ್ಲಿ ಮರಣವಾರ್ತೆ ಬಂದೊಡನೆ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬರುತ್ತವೆ. ಒಂಬತ್ತನೆಯ ದಿನ ಆ ಮನೆಯ ಬಾಗಿಲು ತಟ್ಟುವವರು ಎಷ್ಟು ಮಂದಿ? ಜಯನಗರದ ಹಳೆಯ ಮನೆಗಳಲ್ಲಿ, ಮಕ್ಕಳೆಲ್ಲ ಹೊರದೇಶಗಳಲ್ಲಿರುವ ವೃದ್ಧ ದಂಪತಿಗಳಿದ್ದಾರೆ. ಮೊಮ್ಮಗುವಿನ ಮುಖ ಕಾಣುವುದು ಅವರಿಗೆ ಫೋನಿನಲ್ಲಿಯೇ. ಅವರ ಪಾಲಿಗೆ ಆ ಪರದೆ ಚಟವಲ್ಲ, ಕಿಟಕಿ. ಆ ಕಿಟಕಿಯನ್ನು ಹಳಿಯುವ ಮೊದಲು ಅವರ ಬಾಗಿಲಿಗೆ ನಾವು ಎಷ್ಟು ಸಲ ಹೋಗಿದ್ದೇವೆಂದು ಲೆಕ್ಕ ಹಾಕಬೇಕು.

ಜಾಲತಾಣಗಳ ಅಬ್ಬರ ಇಳಿಯುತ್ತಿರುವ ಈ ಕಾಲವನ್ನು ಕುಟುಂಬಗಳು ಒಂದು ಅವಕಾಶವೆಂದು ತೆಗೆದುಕೊಳ್ಳಬಹುದು. ಅಲ್ಲಿ ಹಾಕಿದ ಮಕ್ಕಳ ಚಿತ್ರಗಳು, ಅಜ್ಜಿ ಹೇಳಿ ಬರೆಸಿದ ಕಥೆಗಳು, ಅಗಲಿದವರ ದನಿಗಳು ಇನ್ನೊಬ್ಬರ ಜಗಲಿಯಲ್ಲಿ ಮಾತ್ರ ಇದ್ದರೆ ಅವುಗಳ ಪ್ರತಿಯೊಂದನ್ನು ಮನೆಗೆ ತಂದಿಟ್ಟುಕೊಳ್ಳಿ. ಆರ್ಕುಟ್ ಮತ್ತು ‘ಕೂ’ ಕಲಿಸಿದ ಪಾಠವಿದು. ಬರೆಯುವುದನ್ನು ನಿಲ್ಲಿಸಿದ ಗೆಳೆಯನೊಬ್ಬನಿದ್ದರೆ ಅವನ ಮೌನವನ್ನು ವಿಶ್ರಾಂತಿಯೆಂದು ಊಹಿಸಿ ಸುಮ್ಮನಾಗಬೇಡಿ. ಕರೆ ಮಾಡಿ, ಸಾಧ್ಯವಾದರೆ ಹೋಗಿ ಬನ್ನಿ. ಬಿ.ಟಿ.ಎಂ. ಬಡಾವಣೆಯ ಪಿ.ಜಿ.ಯಲ್ಲಿರುವ ನಿಮ್ಮ ಊರಿನ ಹುಡುಗನನ್ನೋ ಹುಡುಗಿಯನ್ನೋ ಒಂದು ಭಾನುವಾರ ಊಟಕ್ಕೆ ಕರೆಯಿರಿ.

ಸಂತೆ ಎಂದಾದರೊಂದು ದಿನ ಮುಗಿಯುತ್ತದೆ, ಜನರು ಚದರುತ್ತಾರೆ. ಹಾಗೆ ಚದರಿದವರು ಕುಳಿತುಕೊಳ್ಳಲು ನಮ್ಮ ಮನೆಗಳಲ್ಲಿ ಒಂದಿಷ್ಟು ಜಗಲಿ ಉಳಿದಿದೆಯೇ ಎಂಬುದನ್ನು ನಾವು ಈಗಲೇ ನೋಡಿಕೊಳ್ಳಬೇಕಾಗಿದೆ.